ಚಾವಣಿ ಮುಚ್ಚುವ ಮುನ್ನ ದೂರದರ್ಶಕ ಎತ್ತ ಮುಖ ಮಾಡಿರಬೇಕು

ಮಾಳಿಗೆಯ ಮೇಲೆ ಸರಿಯುವ ತಗಡಿನ ಚಾವಣಿಯ ಕೋಣೆ ಕಟ್ಟಿಸಿಕೊಂಡು ದೂರದರ್ಶಕ ಇಡಬೇಕೆನ್ನುವವರು ನನ್ನನ್ನು ಮೊದಲು ಕೇಳುವುದು ಎಷ್ಟು ಅಂಗುಲದ ಕನ್ನಡಿ ಕೊಳ್ಳಬೇಕೆಂದು. ನಾನು ಅವರನ್ನು ಮೊದಲು ಕೇಳುವುದು ನೋಡಿ ಮುಗಿದ ಮೇಲೆ ಅದನ್ನು ಯಾವ ಭಂಗಿಯಲ್ಲಿ ನಿಲ್ಲಿಸುತ್ತೀರಿ ಎಂದು.

ಕೊಳವೆಯನ್ನು ನೆಟ್ಟಗೆ ನೆತ್ತಿಯತ್ತ ನಿಲ್ಲಿಸಿದರೆ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಮೈಸೂರಿಗೆ ಅದು ಸಲ್ಲದು. ನಮ್ಮ ಊರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವುದರಿಂದ, ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 22 ಮತ್ತು ಆಗಸ್ಟ್ 20ರ ಆಸುಪಾಸಿನಲ್ಲಿ, ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಬಂದು ಕಂಬದ ನೆರಳು ಬುಡದಲ್ಲಿ ಅಡಗುತ್ತದೆ. ಅಂಥ ಹೊತ್ತಿನಲ್ಲಿ ಯಾರೋ ಚಾವಣಿ ಸರಿಸಿ, ಮುಚ್ಚಳವೂ ಮರೆತಿದ್ದರೆ, ಕ್ಯಾಮೆರಾ ಸುಟ್ಟುಹೋಗಲು ಕ್ಷಣ ಸಾಕು. ತಗಡಿನಿಂದ ತೊಟ್ಟಿಕ್ಕುವ ಮಳೆನೀರು, ಹಲ್ಲಿಯ ಹಿಕ್ಕೆ, ಧೂಳು ಇವೆಲ್ಲವೂ ಮೇಲ್ಮುಖವಾದ ಗಾಜನ್ನೇ ಹುಡುಕಿಕೊಂಡು ಬೀಳುತ್ತವೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಆದ್ದರಿಂದ ಕೊಳವೆ ಹೆಚ್ಚುಕಡಿಮೆ ಮಲಗಿರಲಿ, ಮುಖ ಉತ್ತರಕ್ಕಿರಲಿ. ಪೂರ್ವ ಪಶ್ಚಿಮಗಳಲ್ಲಿ ಉದಯಾಸ್ತದ ಬಿಸಿಲು ನೇರವಾಗಿ ಒಳಗೆ ನುಗ್ಗಬಹುದು. ಜೂನ್ ತಿಂಗಳಲ್ಲಿ ಸೂರ್ಯ ಎಷ್ಟೇ ಉತ್ತರಕ್ಕೆ ವಾಲಿದರೂ ಧ್ರುವ ನಕ್ಷತ್ರದಿಂದ ಅರವತ್ತು ಡಿಗ್ರಿಗೂ ಹೆಚ್ಚು ದೂರದಲ್ಲೇ ಉಳಿಯುತ್ತಾನೆ. ಜರ್ಮನ್ ಮಾದರಿಯ ಮೌಂಟ್ (ಒಂದು ಬದಿಗೆ ಕೊಳವೆ, ಇನ್ನೊಂದು ಬದಿಗೆ ಪ್ರತಿತೂಕ ಹೊತ್ತು ತಿರುಗುವ ಪೀಠ) ಇರುವವರಿಗೆ ಇಲ್ಲಿ ಒಂದು ಅದೃಷ್ಟವಿದೆ. ಪ್ರತಿತೂಕದ ದಂಡ ಕೆಳಗೆ, ಕೊಳವೆ ಧ್ರುವ ನಕ್ಷತ್ರದತ್ತ ಎಂಬ ಅದರ ಮೂಲಸ್ಥಿತಿ ಐವತ್ತು ಡಿಗ್ರಿ ಅಕ್ಷಾಂಶದ ಊರುಗಳಲ್ಲಿ ಕೊಳವೆಯನ್ನು ಮೇಲಕ್ಕೆ ಎತ್ತಿ ನಿಲ್ಲಿಸಿದರೆ, ನಮ್ಮಲ್ಲಿ ಹನ್ನೆರಡೇ ಡಿಗ್ರಿ ಎತ್ತುತ್ತದೆ. ದಂಡವನ್ನು ಅಡ್ಡ ಮಾಡಿ ಕೊಳವೆಯನ್ನು ಪಕ್ಕಕ್ಕೆ ಇಳಿಸಿದರೆ ಇನ್ನಷ್ಟು ತಗ್ಗುತ್ತದೆ, ನಿಜ. ಆದರೆ ಸಮತೂಕ ಚೂರು ತಪ್ಪಿದ್ದು, ಅಕ್ಷವನ್ನು ಬಿಗಿಹಿಡಿಯುವ ಕ್ಲಚ್ ಸಡಿಲವಾದರೆ ಅದು ತಾನಾಗಿ ತಿರುಗಿಬಿಡುತ್ತದೆ. ಭಾರ ಕೆಳಗಿರುವ ಭಂಗಿಯನ್ನು ಭೂಮಿಯೇ ಹಿಡಿದಿರುತ್ತದೆ ಎಂಬ ಕಾರಣಕ್ಕೆ, ಗೋಡೆಯನ್ನು ಒಂದು ವರಸೆ ಎತ್ತರಿಸಿಯಾದರೂ ನಾನು ಅದನ್ನೇ ಆರಿಸುತ್ತೇನೆ.

ಎತ್ತರವನ್ನು ಟೇಪಿನಲ್ಲಿ ಅಳೆದು ಸುಮ್ಮನಾಗಬೇಡಿ. ಚಾವಣಿಯ ಅತಿ ತಗ್ಗಿನ ತೊಲೆಗೆ ನಾಲ್ಕು ಬೆರಳಿನಷ್ಟು ಕೆಳಗೆ ಇಳಿಯುವಂತೆ ತೆಂಗಿನ ಕಡ್ಡಿಗಳನ್ನು ಕಟ್ಟಿ, ಫೈಂಡರ್ (ಗುರಿ ಹುಡುಕಲು ಕೊಳವೆಯ ಮೇಲೆ ಕೂರಿಸುವ ಚಿಕ್ಕ ದೂರದರ್ಶಕ), ಕ್ಯಾಮೆರಾ, ಇಬ್ಬನಿ ತಡೆಯುವ ಕೊಳವೆ ಎಲ್ಲವನ್ನೂ ತೊಡಿಸಿದ ದೂರದರ್ಶಕದ ಮೇಲೆ ಕೈಯಿಂದಲೇ ಮೆಲ್ಲಗೆ ಚಾವಣಿ ಎಳೆಯಿರಿ. ಒಂದು ಕಡ್ಡಿ ಬಾಗಿದರೂ ಜಾಗ ಸಾಲದು.

ಯಂತ್ರದ ಮಾತನ್ನಷ್ಟೇ ನಂಬಿ ನಾನೊಮ್ಮೆ ಪೆಟ್ಟು ತಿಂದೆ. ಮೇ ತಿಂಗಳ ಒಂದು ರಾತ್ರಿ ಗುಡುಗು ಕೇಳಿಸುವ ಹೊತ್ತಿಗೆ ಕರೆಂಟು ಹೋಗಿ ಬಂತು. ಮೌಂಟ್ ತಾನು ಮೂಲಸ್ಥಿತಿಯಲ್ಲಿಯೇ ಇದ್ದೇನೆಂದು ಭಾವಿಸಿ ತಪ್ಪು ದಿಕ್ಕಿನಲ್ಲಿ ನಿಂತು ಪಾರ್ಕ್ ಆಯಿತೆಂದು, ಅಂದರೆ ನಿಲುಗಡೆಯ ಭಂಗಿಗೆ ಬಂದಾಯಿತೆಂದು, ತೋರಿಸಿತು, ನಾನು ಕಣ್ಣಾರೆ ನೋಡದೆ ಚಾವಣಿಯ ಗುಂಡಿ ಒತ್ತಿದೆ, ಫೈಂಡರ್ ಮುರಿಯಿತು. ಆಮೇಲೆ ಕೊಳವೆ ಸರಿಯಾದ ಜಾಗಕ್ಕೆ ಬಂದಾಗ ಮಾತ್ರ ಕೂಡಿಕೊಳ್ಳುವ ಸ್ವಿಚ್ಚೊಂದನ್ನು ಚಾವಣಿಯ ಮೋಟಾರಿನ ಸರಣಿಯಲ್ಲೇ ಹಾಕಿಸಿದೆ. ಎರಡೂ ಅಕ್ಷಗಳ ಮೇಲೆ ಮನೆಯಲ್ಲಿದ್ದ ಉಗುರುಬಣ್ಣದಿಂದ ಗೆರೆ ಎಳೆದಿದ್ದೇನೆ. ಕರೆಂಟು ಇಲ್ಲದ ರಾತ್ರಿ ಟಾರ್ಚು ಹಿಡಿದು, ಕ್ಲಚ್ ಬಿಟ್ಟು, ಗೆರೆಗೆ ಗೆರೆ ಕೂಡಿಸಿ ಬಿಗಿದರೆ ಸಾಕು. ಬಳಿಕ ಮುಚ್ಚಳ ಹಾಕುವಾಗ ಫೈಂಡರಿನದನ್ನೂ ಮರೆಯಬಾರದು, ಏಕೆಂದರೆ ಕಣಜಗಳು ಗೂಡು ಕಟ್ಟಲು ಬೆರಳಗಲದ ಸಂದನ್ನೂ ಬಿಡುವುದಿಲ್ಲ.