ಸರ್‌ನೇಮ್ ಇಲ್ಲದ ಸೀಮೆಯಿಂದ ಹೊರಟವರಿಗೆ

ಮೈಸೂರು, ಮಂಡ್ಯ ಕಡೆಯಿಂದ ಓದಿಗೋ ಕೆಲಸಕ್ಕೋ ಅಮೆರಿಕಕ್ಕೆ ಹೊರಟವರು ಫೋನ್ ಮಾಡಿದಾಗ ಸಾಮಾನ್ಯವಾಗಿ ಕೇಳುವುದು ಸಾರಿನ ಪುಡಿ ತರಬಹುದೇ, ಕುಕ್ಕರ್ ಅಲ್ಲೇ ಸಿಗುತ್ತದೆಯೇ, ಸ್ವೆಟರ್ ಎಷ್ಟು ಬೇಕು ಅಂತ. ಅದೆಲ್ಲ ಆಮೇಲೆ ಮಾತಾಡೋಣ. ಮೊದಲು ನಿಮ್ಮ ಪಾಸ್‌ಪೋರ್ಟ್ ತೆಗೆದು ಸರ್‌ನೇಮ್ ಅನ್ನುವ ಜಾಗದಲ್ಲಿ ಏನಿದೆ ನೋಡಿ. ಖಾಲಿ ಇದ್ದರೆ, ಅಥವಾ ಅಲ್ಲಿ ನಿಮ್ಮದೇ ಹೆಸರು ಕೂತಿದ್ದರೆ, ವಿಮಾನ ಹತ್ತುವ ಮೊದಲು ಮನೆಯವರೆಲ್ಲ ಕೂತು ಒಂದು ತೀರ್ಮಾನಕ್ಕೆ ಬರಬೇಕು. ನೀವು ತೀರ್ಮಾನಿಸದಿದ್ದರೆ ಇಲ್ಲಿನ ಕಂಪ್ಯೂಟರ್ ತೀರ್ಮಾನಿಸುತ್ತದೆ. ಅದು ಕೊಟ್ಟ ಹೆಸರು ಬ್ಯಾಂಕು, ಲೈಸೆನ್ಸು, ಮಕ್ಕಳ ಶಾಲೆ ಎಲ್ಲ ಕಡೆ ಹಬ್ಬಿಬಿಡುತ್ತದೆ.

ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಕೊಡುವಾಗ ಇಡೀ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳುತ್ತಾರೆ. ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರು ಅಕ್ಷರ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. ನಾಮಕರಣದ ದಿನ ಅಜ್ಜಿ ಕಿವಿಯಲ್ಲಿ ಹೇಳಿದ ಹೆಸರು ಇರುವಾಗಲೇ ಲೈಸೆನ್ಸಿನ ಮೇಲೆ ‘ಗೊತ್ತಿಲ್ಲ’ ಎಂದು ಅಚ್ಚಾಗುವುದು ನನಗೆ ಇವತ್ತಿಗೂ ಸಂಕಟದ ವಿಷಯ. ಆಸ್ಪತ್ರೆಯಲ್ಲಿ ಎಫ್‌ಎನ್‌ಯು ಎಂದೇ ಕೂಗುತ್ತಾರೆ. ಆಫೀಸಿನ ಈಮೇಲ್ ವಿಳಾಸವೂ ಅದರಿಂದಲೇ ಶುರುವಾಗುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರ್‌ನಿಂದ ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವ ಭಾರತೀಯರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕು ಎಂದು ಆಮೇಲೆ ಸಡಿಲಿಸಿದರು. ದುಬೈ ಮೇಲೆ ಹೋಗುವವರು ಟಿಕೆಟ್ ಮಾಡಿಸುವ ಮುಂಚೆ ಆಗಿನ ನಿಯಮ ವಿಚಾರಿಸಿಕೊಳ್ಳಿ.

ಇದರಲ್ಲಿ ನಮ್ಮ ತಪ್ಪೇನೂ ಇಲ್ಲ. ಹಳೇ ಮೈಸೂರಿನವರ ಹೆಸರು ಕಟ್ಟುವ ಕ್ರಮವೇ ಬೇರೆ. ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾವು. ಕೆ. ಎಸ್. ನರಸಿಂಹಸ್ವಾಮಿ ಅಂದರೆ ಕೆ. ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ, ತಂದೆ ಸುಬ್ಬರಾವ್, ಕವಿ ನರಸಿಂಹಸ್ವಾಮಿ. ಜಾನಪದ ಲೋಕ ಕಟ್ಟಿದ ಎಚ್. ಎಲ್. ನಾಗೇಗೌಡರ ಮೊದಲಕ್ಷರದಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿ ಇದೆ. ಮೇಲುಕೋಟೆಯ ಪು. ತಿ. ನ. ಅವರ ‘ಪು’ ಊರಲ್ಲ, ಪುರೋಹಿತ ಎಂಬ ಮನೆತನದ ವೃತ್ತಿ. ಊರಿನಲ್ಲಿ ಹಿರಿಯರು ‘ಯಾವೂರಪ್ಪ? ಯಾರ ಮಗ?’ ಎಂದು ಕೇಳುತ್ತಾರಲ್ಲ, ಆ ಎರಡೂ ಪ್ರಶ್ನೆಗೆ ಉತ್ತರ ನಮ್ಮ ಎರಡು ಇನಿಷಿಯಲ್‌ನಲ್ಲೇ ಇದೆ. ಧಾರವಾಡ, ಬೆಳಗಾವಿ ಕಡೆಯವರಿಗೆ ಪಾಟೀಲ, ಅಂಗಡಿ, ಬಡಿಗೇರ, ಹಿರೇಮಠ ಎಂಬ ಅಡ್ಡಹೆಸರುಗಳಿವೆ. ಕೊಡಗಿನವರಿಗೆ ಮನೆಹೆಸರಿದೆ: ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಕೊಡಂದೇರ ಮನೆಯವರು. ಅವರಿಗೆ ಅರ್ಜಿ ತುಂಬುವುದು ಅಷ್ಟು ಕಷ್ಟವಲ್ಲ. ತೊಡಕಾಗುವುದು ನಮಗೆ, ತಮಿಳರಿಗೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ನಮ್ಮ ಮೈಸೂರಿನ ವೇಗದ ಬೌಲರ್ ಶ್ರೀನಾಥ್ ಅವರನ್ನು ಜಗತ್ತು ‘ಜಾವಗಲ್ ಶ್ರೀನಾಥ್’ ಎಂದು ಕರೆಯಿತು. ಜಾವಗಲ್ ಹಾಸನ ಜಿಲ್ಲೆಯ ಒಂದು ಊರು ಎಂದು ತಿಳಿಯದವರಿಗೆ ಅದು ಅವರ ಮೊದಲ ಹೆಸರು. ಚೆಸ್ ಆಟಗಾರ ವಿಶ್ವನಾಥನ್ ಆನಂದ್ ಅವರನ್ನು ಯುರೋಪಿನವರು ಪ್ರೀತಿಯಿಂದ ‘ವಿಶಿ’ ಅಂದರು. ವಿಶ್ವನಾಥನ್ ಅವರ ತಂದೆಯ ಹೆಸರು. ಯಾದವಗಿರಿಯಲ್ಲಿ ಬಾಳಿದ ಆರ್. ಕೆ. ನಾರಾಯಣ್ ಮೂಲತಃ ರಾಶಿಪುರಂ ಕೃಷ್ಣಸ್ವಾಮಿ ನಾರಾಯಣಸ್ವಾಮಿ. ಇಂಗ್ಲೆಂಡಿನಲ್ಲಿ ಮೊದಲ ಪುಸ್ತಕ ಬರುವಾಗ ಲೇಖಕ ಗ್ರಹಾಂ ಗ್ರೀನ್ ಸಲಹೆಯಂತೆ ಹೆಸರು ಚಿಕ್ಕದಾಯಿತು. ಮೈಸೂರಿನ ಎನ್‌ಐಇಯಲ್ಲಿ ಓದಿದ ಇನ್ಫೋಸಿಸ್ ಸ್ಥಾಪಕರು ನಾಗವಾರ ರಾಮರಾವ್ ನಾರಾಯಣ ಮೂರ್ತಿ. ಅವರ ಸ್ವಂತ ಹೆಸರಿನ ಕೊನೆಯ ತುಂಡಾದ ಮೂರ್ತಿ ಮಕ್ಕಳಿಗೆ ಮನೆತನದ ಹೆಸರಾಗಿದೆ. ಒಂದೇ ತಲೆಮಾರಿನಲ್ಲಿ ಒಂದು ಸರ್‌ನೇಮ್ ಹುಟ್ಟುವುದು ಹೀಗೆ.

ಸರ್‌ನೇಮ್ ಜಗತ್ತಿಗೆಲ್ಲ ಮೊದಲಿನಿಂದ ಇತ್ತು, ನಮಗೆ ಮಾತ್ರ ಇಲ್ಲ ಎಂಬ ಕೀಳರಿಮೆ ಹೊಸಬರಲ್ಲಿ ಕಾಣುತ್ತೇನೆ. ಅದನ್ನು ಬಿಡಿ. ಚೀನಾದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಕುಲನಾಮ ಇದೆ, ನಿಜ. ಆದರೆ ಬೇರೆ ಬಹಳ ಕಡೆ ಸರ್ಕಾರಕ್ಕೆ ತೆರಿಗೆ, ಸೈನ್ಯದ ಲೆಕ್ಕ ಬೇಕಾದಾಗ ಬಂದದ್ದು ಅದು. ಇಂಗ್ಲೆಂಡಿನಲ್ಲಿ 1066ರ ನಾರ್ಮನ್ ದಂಡಯಾತ್ರೆಯ ನಂತರದ ಶತಮಾನಗಳಲ್ಲಿ ನಿಧಾನವಾಗಿ ನೆಲೆಯೂರಿತು. ಕಮ್ಮಾರ ಸ್ಮಿತ್ ಆದ, ರೊಟ್ಟಿ ಸುಡುವವನು ಬೇಕರ್ ಆದ, ಗುಡ್ಡದ ಪಕ್ಕದವನು ಹಿಲ್ ಆದ. ಫಿಲಿಪ್ಪೀನ್ಸ್‌ನಲ್ಲಿ 1849ರಲ್ಲಿ ಸ್ಪೇನಿನ ಗವರ್ನರ್ ಕ್ಲಾವೇರಿಯಾ ಹೆಸರುಗಳ ಪಟ್ಟಿಯನ್ನೇ ಕಳುಹಿಸಿ ಹಂಚಿಸಿದ. ಜಪಾನಿನ ಜನಸಾಮಾನ್ಯರಿಗೆ ಅದು ಕಡ್ಡಾಯವಾದದ್ದು 1875ರಲ್ಲಿ. ಥಾಯ್ಲೆಂಡಿನಲ್ಲಿ 1913ರ ಕಾನೂನಿನಿಂದ ಬಂತು, ದೊರೆ ವಜಿರಾವುಧ್ ಸಾವಿರಾರು ಕುಟುಂಬಗಳಿಗೆ ತಾನೇ ಹೆಸರು ಕೊಟ್ಟ. ತುರ್ಕಿಯಲ್ಲಿ 1934ರಲ್ಲಿ ಕಾನೂನಾಯಿತು, ಮುಸ್ತಫಾ ಕೆಮಾಲ್‌ಗೆ ಅತಾತುರ್ಕ್ ಎಂಬ ಹೆಸರನ್ನು ಸಂಸತ್ತು ಕೊಟ್ಟದ್ದು ಆ ವರ್ಷವೇ. ಅಷ್ಟು ಹೊತ್ತಿಗೆ ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯದ ಗದ್ದೆಗೆ ಹರಿಯುತ್ತಿತ್ತು. ನಮ್ಮ ಅಜ್ಜಂದಿರ ಕಾಲದ ಮಾತು ಇದು.

ಇವತ್ತಿಗೂ ಸರ್‌ನೇಮ್ ಇಲ್ಲದೆ ಬದುಕುವ ದೇಶಗಳಿವೆ. ಐಸ್‌ಲೆಂಡಿನಲ್ಲಿ ಹೆಚ್ಚಿನವರ ಹೆಸರಿನ ಕೊನೆಗೆ ಬರುವುದು ಅಪ್ಪನ ಅಥವಾ ಅಮ್ಮನ ಹೆಸರು, ಜೊತೆಗೆ ಮಗ ಅಥವಾ ಮಗಳು ಎಂಬ ಪದ. ಒಂದೇ ಮನೆಯ ಅಣ್ಣ ತಂಗಿಗೂ ಬೇರೆ ಬೇರೆ. ಅಧ್ಯಕ್ಷರನ್ನೂ ಮೊದಲ ಹೆಸರಿನಿಂದಲೇ ಕರೆಯುತ್ತಾರೆ. ಇಥಿಯೋಪಿಯಾದಲ್ಲಿ ತನ್ನ ಹೆಸರು, ಪಕ್ಕದಲ್ಲಿ ಅಪ್ಪನ ಹೆಸರು, ಅಷ್ಟೇ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಬರ್ಮಾದ ಊ ಥಾಂಟ್ ಅವರ ಹೆಸರು ಬರೀ ಥಾಂಟ್. ಊ ಅನ್ನುವುದು ಹಿರಿಯರಿಗೆ ಗೌರವಕ್ಕೆ ಸೇರಿಸುವ ಮಾತು, ನಾವು ‘ಅವರು’ ಎನ್ನುವ ಹಾಗೆ. ಸ್ಪೇನಿನವರಿಗೆ ಅಪ್ಪನದೊಂದು ಅಮ್ಮನದೊಂದು ಎರಡು ಸರ್‌ನೇಮ್. ಚೀನಾ, ಕೊರಿಯಾ ಮಾತ್ರವಲ್ಲ, ಯುರೋಪಿನ ನಡುವೆ ಇರುವ ಹಂಗೇರಿಯಲ್ಲೂ ಮನೆತನದ ಹೆಸರು ಮೊದಲು ಬರುತ್ತದೆ. ನಿಮ್ಮ ತರಗತಿಯಲ್ಲೋ ಆಫೀಸಿನಲ್ಲೋ ಇವರೆಲ್ಲ ಸಿಗುತ್ತಾರೆ. ಪರಿಚಯವಾದಾಗ ‘ನಿಮ್ಮನ್ನು ಏನೆಂದು ಕರೆಯಲಿ?’ ಎಂದು ಕೇಳಿ. ಅವರೂ ನಿಮ್ಮನ್ನು ಅದನ್ನೇ ಕೇಳುತ್ತಾರೆ.

ಈಗ ತೀರ್ಮಾನದ ವಿಷಯ. ಎಂ. ಎಸ್. ರಮೇಶ ಎಂಬ ಹೆಸರಿದೆ ಅಂದುಕೊಳ್ಳಿ: ಮದ್ದೂರು, ಸಿದ್ದಯ್ಯ, ರಮೇಶ. ಸರ್‌ನೇಮ್ ಜಾಗಕ್ಕೆ ಏನು ಹಾಕಬೇಕು?

ಹೆಚ್ಚಿನವರು ಅಪ್ಪನ ಹೆಸರು ಹಾಕುತ್ತಾರೆ. ದಾಖಲೆ ಸುಲಭವಾಗಿ ಸಿಗುತ್ತದೆ, ಅದು ನಿಜ. ಆದರೆ ಇಲ್ಲಿ ಎಲ್ಲರೂ ನಿಮ್ಮನ್ನು ಮಿಸ್ಟರ್ ಸಿದ್ದಯ್ಯ ಎನ್ನುತ್ತಾರೆ. ಅಪ್ಪನ ಹೆಸರು ಹಿಡಿದು ಕರೆಯದ ಮನೆಯಲ್ಲಿ ಬೆಳೆದವರಿಗೆ, ಕ್ಲಿನಿಕ್ಕಿನಲ್ಲಿ ಆ ಹೆಸರು ಕೂಗಿದಾಗ ತಾನು ಎದ್ದು ಹೋಗುವುದು ಬಹಳ ದಿನ ಒಗ್ಗುವುದಿಲ್ಲ. ಮಗು ಹುಟ್ಟಿದ ಮೇಲೆ ಇನ್ನೊಂದು ಪ್ರಶ್ನೆ: ಮಗುವಿನ ಸರ್‌ನೇಮ್ ಸಿದ್ದಯ್ಯನೋ ರಮೇಶನೋ? ನಮ್ಮ ಪದ್ಧತಿಯಂತೆ ರಮೇಶ ಎಂದರೆ ಅಪ್ಪ ಮಗನಿಗೆ ಹೆಸರು ಕೂಡುವುದಿಲ್ಲ. ಸಿದ್ದಯ್ಯ ಎಂದರೆ ತಾತನ ಹೆಸರು ಉಳಿಯುತ್ತದೆ, ಅದೂ ಚೆಂದವೇ.

ಹೆಸರೇ ಎರಡು ತುಂಡಾಗುವಂತಿದ್ದರೆ ಒಡೆಯುವುದು ಇನ್ನೊಂದು ದಾರಿ. ನಂಜುಂಡಸ್ವಾಮಿ ಎಂಬುವರು ನಂಜುಂಡ, ಸ್ವಾಮಿ ಎಂದು ಮಾಡಿಕೊಳ್ಳುತ್ತಾರೆ. ನನಗೆ ಇದು ಅಷ್ಟು ಹಿಡಿಸದು. ಹಾಗೆ ಒಡೆದರೆ ಎರಡು ತುಂಡಿನಲ್ಲಿ ಯಾವುದೂ ಪೂರ್ತಿ ಅವರ ಹೆಸರಲ್ಲ.

ಮೂರನೆಯದು ಗೌಡ, ಶೆಟ್ಟಿ, ಅರಸ್ ಥರದ್ದು. ತಲೆಮಾರಿನಿಂದ ಬರೆಯುತ್ತ ಬಂದ ಮನೆಯವರು ಹಾಗೇ ಉಳಿಸಿಕೊಳ್ಳಲಿ. ಆದರೆ ಅರ್ಜಿಯ ಜಾಗ ತುಂಬಲೆಂದೇ ಜಾತಿಯನ್ನು ಹೆಸರಿಗೆ ಹೊಸದಾಗಿ ಅಂಟಿಸಿಕೊಳ್ಳಬೇಡಿ. ಜಾತಿ ಹೇಳದೆ ಬದುಕಲಿ ಎಂದು ಬೇಕೆಂದೇ ಅದನ್ನು ಬಿಟ್ಟು ಹೆಸರಿಟ್ಟ ತಂದೆತಾಯಿಯರು ನಮ್ಮ ಸೀಮೆಯಲ್ಲಿ ಬಹಳ ಮಂದಿ ಇದ್ದಾರೆ. ಅವರ ಮಾತನ್ನು ಒಂದು ಖಾಲಿ ಚೌಕಕ್ಕಾಗಿ ಅಳಿಸಬಾರದು. ಲೆಕ್ಕಕ್ಕೂ ಅದು ಕೆಲಸಕ್ಕೆ ಬಾರದು. ಕೊರಿಯಾದಲ್ಲಿ ಸುಮಾರು ಐದರಲ್ಲಿ ಒಬ್ಬರು ಕಿಮ್. ಮಂಡ್ಯದಿಂದ ಬಂದವರು ಒಂದೇ ಕಂಪನಿಯಲ್ಲಿ ಸೇರಿದರೆ ಗೌಡ ಎಂಬ ಹೆಸರಿನ ಗತಿಯೂ ಹಾಗೇ ಆಗುತ್ತದೆ, ಒಬ್ಬರ ಟಪಾಲು ಇನ್ನೊಬ್ಬರಿಗೆ ಹೋಗುತ್ತದೆ.

ನಾನು ಹೇಳುವುದು ಊರಿನ ಹೆಸರು. ರಮೇಶ ಮದ್ದೂರು. ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು ಎಲ್ಲರಿಗೂ ಒಂದೇ ಆಗುತ್ತದೆ, ಮುಂದಿನ ತಲೆಮಾರಿಗೂ ಬದಲಾಗುವುದಿಲ್ಲ, ಜಾತಿ ಕೇಳುವವರಿಗೆ ಏನನ್ನೂ ಹೇಳುವುದಿಲ್ಲ. ಇನಿಷಿಯಲ್‌ನ ಮೊದಲಕ್ಷರ ಹೇಗೂ ಊರೇ ಆಗಿರುವುದರಿಂದ ಇಲ್ಲದ್ದನ್ನು ಹುಟ್ಟಿಸಿದಂತೆಯೂ ಅಲ್ಲ. ಇಂಗ್ಲಿಷರು, ಡಚ್ಚರು ಎಷ್ಟೋ ಮಂದಿ ತಮ್ಮ ಹಳ್ಳಿಯ ಹೆಸರನ್ನೇ ಹೊತ್ತು ತಿರುಗುತ್ತಾರೆ, ನಾವೇಕೆ ಕಿಕ್ಕೇರಿ, ಬನ್ನೂರು, ತಲಕಾಡುಗಳನ್ನು ಹೊರಬಾರದು? ಹುಟ್ಟಿದ ಮಗು ಊರನ್ನು ನೋಡದೆಯೇ ಬೆಳೆದರೂ, ಒಂದು ದಿನ ನಕ್ಷೆ ತೆಗೆದು ತನ್ನ ಹೆಸರಿನ ಊರು ಎಲ್ಲಿದೆ ಎಂದು ಹುಡುಕುತ್ತದೆ. ಉದ್ದದ ಬಗ್ಗೆ ಹೆದರಬೇಡಿ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಸಾಲಿನಲ್ಲಿ ಹೆಸರಿಗೆಂದು 39 ಜಾಗಗಳಿವೆ, ಶ್ರೀರಂಗಪಟ್ಟಣವೂ ಇಂಗ್ಲಿಷಿನ 13 ಅಕ್ಷರದಲ್ಲಿ ಮುಗಿಯುತ್ತದೆ. ಒಂದೇ ಕಾಗುಣಿತ ಎಲ್ಲರೂ ಬರೆಯಬೇಕು, ಅಷ್ಟೇ. ಅಣ್ಣ ಒಂದು ರೀತಿ ತಮ್ಮ ಒಂದು ರೀತಿ ಬರೆದರೆ ಇಲ್ಲಿ ಅವು ಎರಡು ಮನೆತನ.

ಕಾಗದಪತ್ರದ ಮಾತು. ನಮ್ಮ ತೊಂದರೆಯ ಬೇರು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್. ಅದರಲ್ಲಿ ‘ರಮೇಶ ಎಂ. ಎಸ್.’ ಎಂದು ಬಂದಿರುತ್ತದೆ, ಡಿಗ್ರಿ ಸರ್ಟಿಫಿಕೇಟೂ ಅದನ್ನೇ ಹಿಡಿದು ಹೋಗುತ್ತದೆ. ಪಾಸ್‌ಪೋರ್ಟಿನವರು ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಪ್ಯಾನ್ ಕಾರ್ಡಿನ ಅರ್ಜಿಯಲ್ಲಿ ಸರ್‌ನೇಮ್ ಜಾಗ ಖಾಲಿ ಬಿಡುವ ಹಾಗಿಲ್ಲ. ಹೀಗೆ ನಾಲ್ಕು ಕಾಗದದಲ್ಲಿ ನಾಲ್ಕು ಹೆಸರಾಗುತ್ತದೆ. ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ದೇಶದಲ್ಲೇ ಮೊದಲು ಶುರುವಾದದ್ದು 2017ರ ಜನವರಿಯಲ್ಲಿ, ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಈಗ ಬೆಂಗಳೂರಿಗೆ ಓಡಾಡುವ ಕಷ್ಟ ಕಡಿಮೆ. ಆಮೇಲೆ ಆಧಾರ್, ಪ್ಯಾನ್, ಬ್ಯಾಂಕು ಪಾಸ್‌ಪೋರ್ಟಿನಂತೆಯೇ ಆಗಲಿ. ಮಾರ್ಕ್ಸ್ ಕಾರ್ಡಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಬ್ಬರದೇ ಎಂದು ನೋಟರಿ ಮುಂದೆ ಇಂಗ್ಲಿಷಿನಲ್ಲಿ ಒಂದು ಅಫಿಡವಿಟ್ ಮಾಡಿಸಿ, ಮೂಲಪ್ರತಿಯನ್ನು ಜೊತೆಗೆ ತನ್ನಿ. ಇಲ್ಲಿ ಡಿಗ್ರಿ ಪರಿಶೀಲನೆಗೆ ಅದು ಬೇಕಾಗುತ್ತದೆ. ಊರಲ್ಲಿ ಜಮೀನು ಇದ್ದರೆ ಪಹಣಿಯಲ್ಲಿ ಹೆಸರು ಹೇಗಿದೆ ಎಂಬುದನ್ನೂ ಆ ಅಫಿಡವಿಟ್‌ನಲ್ಲೇ ಸೇರಿಸಿ. ಅಪ್ಪನ ನಂತರ ಖಾತೆ ಬದಲಿಗೆ ತಾಲ್ಲೂಕು ಕಚೇರಿಯಲ್ಲಿ ನಿಂತಾಗ ಅದರ ಬೆಲೆ ತಿಳಿಯುತ್ತದೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಮದುವೆಯಾದ ಕೂಡಲೇ ವೀಸಾಕ್ಕೆಂದು ಗಂಡನ ಹೆಸರು ಸೇರಿಸಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಭಾರತದ ಪಾಸ್‌ಪೋರ್ಟಿಗೂ ಬೇಡ, ಇಲ್ಲಿನ ಅವಲಂಬಿತರ ವೀಸಾಕ್ಕೂ ಬೇಡ. ಬೇಕಾದದ್ದು ನೋಂದಾಯಿತ ಮದುವೆ ಸರ್ಟಿಫಿಕೇಟ್. ಛತ್ರದವರು ಕೊಟ್ಟ ರಸೀದಿಯಾಗಲಿ ಲಗ್ನಪತ್ರಿಕೆಯಾಗಲಿ ಆಗದು, ಸಬ್‌ರಿಜಿಸ್ಟ್ರಾರ್ ಕಚೇರಿಯದೇ ಬೇಕು. ಓದಿ ಸಂಪಾದಿಸಿದ ಡಿಗ್ರಿ ನಿಮ್ಮ ಹುಟ್ಟು ಹೆಸರಿನಲ್ಲಿದೆ, ಅದನ್ನು ಬದಲಿಸಿದರೆ ಅಲೆದಾಡುವವರು ನೀವೇ. ಮಗುವಿನ ಸರ್‌ನೇಮ್ ನಿಮ್ಮದಕ್ಕಿಂತ ಬೇರೆ ಇದ್ದು ನೀವೊಬ್ಬರೇ ಕರೆದುಕೊಂಡು ಪ್ರಯಾಣ ಮಾಡುವಾಗ ಮಗುವಿನ ಜನನ ಪ್ರಮಾಣಪತ್ರ, ಮಗುವಿನ ತಂದೆಯ ಒಪ್ಪಿಗೆ ಪತ್ರ ಕೈಚೀಲದಲ್ಲಿರಲಿ.

ಇಲ್ಲಿ ಹೆರಿಗೆಯಾದರೆ ಜನನ ಪ್ರಮಾಣಪತ್ರದ ಅರ್ಜಿಯನ್ನು ಆಸ್ಪತ್ರೆಯಲ್ಲೇ ತುಂಬಿಸಿಕೊಳ್ಳುತ್ತಾರೆ. ಹನ್ನೊಂದನೇ ದಿನ ನಾಮಕರಣಕ್ಕೆ ಕಾಯುತ್ತೇವೆ ಎಂದು ಕೂತರೆ ಅಲ್ಲಿ ಅವಸರವಾಗುತ್ತದೆ. ಏಳನೇ ತಿಂಗಳಲ್ಲೇ ಊರಿಗೆ ಫೋನ್ ಮಾಡಿ ಅಜ್ಜ ಅಜ್ಜಿಯ ಜೊತೆ ಮಾತಾಡಿ, ಹೆಸರೂ ಸರ್‌ನೇಮೂ ಎರಡನ್ನೂ ಒಂದು ಚೀಟಿಯಲ್ಲಿ ಇಂಗ್ಲಿಷ್ ಕಾಗುಣಿತದ ಸಮೇತ ಬರೆದು ಆಸ್ಪತ್ರೆಯ ಚೀಲದಲ್ಲಿಡಿ.

ಆಗಲೇ ಎಫ್‌ಎನ್‌ಯು ಆಗಿ ಬಂದುಬಿಟ್ಟಿದ್ದರೂ ದಾರಿ ಮುಚ್ಚಿಲ್ಲ. ಭಾರತೀಯ ಕಾನ್ಸುಲೇಟ್ ಮೂಲಕ ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ ಹೆಸರನ್ನು ಎರಡು ಜಾಗಕ್ಕೆ ಸರಿಯಾಗಿ ಬರೆಸಿ. ಆಮೇಲೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೋ ಕಂಪನಿಯ ವಕೀಲರಿಗೋ ಹೊಸ ಪಾಸ್‌ಪೋರ್ಟ್ ತೋರಿಸಿ, ಅವರು ಹೇಳಿದ ಕ್ರಮದಲ್ಲೇ ಸೋಷಿಯಲ್ ಸೆಕ್ಯುರಿಟಿ, ಲೈಸೆನ್ಸ್, ಬ್ಯಾಂಕು ತಿದ್ದಿಸಿ. ಹಳೆಯ ಪಾಸ್‌ಪೋರ್ಟನ್ನು ಯಾವ ಕಾರಣಕ್ಕೂ ಬಿಸಾಡಬೇಡಿ, ವೀಸಾ ಅದರಲ್ಲೇ ಇರುತ್ತದೆ. ಮುಂದೆ ಇಲ್ಲಿನ ಪೌರತ್ವ ಪಡೆಯುವ ಮನಸ್ಸಿದ್ದರೆ ಆ ಅರ್ಜಿಯಲ್ಲೇ ಹೆಸರು ಬದಲಾವಣೆ ಕೇಳುವ ಭಾಗವಿದೆ. ನ್ಯಾಯಾಲಯದಲ್ಲಿ ಪ್ರಮಾಣವಚನ ನಡೆಯುವ ಕಡೆ ಅದೇ ದಿನ ಹೊಸ ಹೆಸರು ಅಧಿಕೃತವಾಗುತ್ತದೆ.