‘ಬೆಳೆಯ ಮೇಲೆ ಬಾಧಿಸಿತು’ ಅಂತ ಯಾರಾದರೂ ಅಂತಾರೇನು?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರ ಪ್ರಬಂಧಗಳಲ್ಲಿ ತಪ್ಪದೇ ಬರುವ ಮಾತು ‘ಅಡ್ವರ್ಸ್ ಎಫೆಕ್ಟ್’, ಅಂದರೆ ದುಷ್ಪರಿಣಾಮ. ಮಳೆ, ಮೊಬೈಲು, ಪ್ಲಾಸ್ಟಿಕ್ಕು, ಎಲ್ಲಕ್ಕೂ ಅದೇ. ಹತ್ತರಲ್ಲಿ ಆರು ಮಂದಿ ಅದನ್ನು ತಪ್ಪು ಬರೆಯುತ್ತಾರೆ. ನಗುವ ಹಾಗಿಲ್ಲ, ಯಾಕಂದರೆ ಮೊದಲು ಎಡವಿದವನು ನಾನೇ.

ನಮ್ಮೂರು ಗದಗ ಜಿಲ್ಲೆಯಲ್ಲಿದೆ. ಒಂದು ವರ್ಷ ಕಾಕಾನ ಹೊಲದಲ್ಲಿ ನೀರು ನಿಂತು, ಬಿಡಿಸಬೇಕಾದ ಹೆಸರುಕಾಯಿ ಗಿಡದಲ್ಲೇ ಮೊಳಕೆ ಒಡೆದವು. ಬೆಳೆ ವಿಮೆಯ ಫಸಲ್ ಬಿಮಾ ಯೋಜನೆಯಲ್ಲಿ ಹೊಲಕ್ಕೆ ನೀರು ನುಗ್ಗಿದರೆ 72 ತಾಸಿನೊಳಗೆ ತಿಳಿಸಬೇಕು. ಫೋನು ಮಾಡಿದ್ದಾಗಿತ್ತು. ಮೇಲೊಂದು ಪತ್ರ ಇರಲಿ ಎಂದು ನಾನು ದೊಡ್ಡ ಇಂಗ್ಲಿಷ್ ಪಂಡಿತನ ಹಾಗೆ ಬರೆದೆ: ‘ರೇನ್ ಹ್ಯಾಸ್ ಅಡ್ವರ್ಸ್ಲಿ ಅಫೆಕ್ಟೆಡ್ ಆನ್ ಅವರ್ ಕ್ರಾಪ್.’

ಕಾಕಾ ಕೇಳಿದ, “ಲುಕ್ಸಾನ ಆಗೇತಿ ಅಂತ ಬರದ್ಯೋ ಇಲ್ಲೋ?”

“ಬರದೇನಿ ಕಾಕಾ.”

ಪತ್ರ ತಗೊಂಡ ಹಿರಿಯರು ಓದಿ, “ತಮ್ಮಾ, ಈ ‘ಆನ್’ ಯಾಕ ಬಂತು?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಇದ್ದದ್ದು ಕನ್ನಡದಲ್ಲಿ. ನಾವು ‘ಬೆಳೆಯ ಮೇಲೆ ಪರಿಣಾಮ ಬೀರಿತು’ ಅನ್ನುತ್ತೇವೆ. ಆ ‘ಮೇಲೆ’ ಇಂಗ್ಲಿಷಿನೊಳಗೂ ನುಸುಳಿ ‘ಆನ್’ ಆಗಿ ಕೂಡುತ್ತದೆ. ‘ಎಫೆಕ್ಟ್’ ನಾಮಪದ, ಅದರ ಮುಂದೆ ‘ಆನ್’ ಸರಿ: ‘ಹ್ಯಾಡ್ ಆ್ಯನ್ ಅಡ್ವರ್ಸ್ ಎಫೆಕ್ಟ್ ಆನ್ ದ ಕ್ರಾಪ್’. ‘ಅಫೆಕ್ಟ್’ ಕ್ರಿಯಾಪದ, ಅದಕ್ಕೆ ‘ಆನ್’ ಬೇಡ: ‘ಅಡ್ವರ್ಸ್ಲಿ ಅಫೆಕ್ಟೆಡ್ ದ ಕ್ರಾಪ್’. ವ್ಯಾಕರಣ ಹೀಗೆ ಹೇಳಿದರೆ ಹುಡುಗರು ತಲೆ ಆಡಿಸುತ್ತಾರೆ, ಮರುದಿನ ಮತ್ತದೇ ಬರೆಯುತ್ತಾರೆ. ಹಾಗಾಗಿ ಈಗ ಎಫೆಕ್ಟ್ ಅಂದರೆ ‘ಪೆಟ್ಟು’, ಅಫೆಕ್ಟ್ ಅಂದರೆ ‘ಬಾಧಿಸು’ ಎಂದು ಗುರುತು ಹಾಕಿಕೊಡುತ್ತೇನೆ. ಬೆಳೆಯ ಮೇಲೆ ಪೆಟ್ಟು ಬೀಳುತ್ತದೆ. ಬೆಳೆಯನ್ನು ಬಾಧಿಸುತ್ತದೆ. ‘ಬೆಳೆಯ ಮೇಲೆ ಬಾಧಿಸಿತು’ ಅಂದರೆ ಕಿವಿಗೇ ಕಸಿವಿಸಿ. ಆ ಕಸಿವಿಸಿ ಬಂದಲ್ಲಿ ‘ಆನ್’ ಹೊಡೆದುಹಾಕು ಅನ್ನುತ್ತೇನೆ. ನನ್ನ ಪಾಠದಲ್ಲಿ ಹುಡುಗರಿಗೆ ನಿಜವಾಗಿ ಹತ್ತಿದ್ದು ಇದೊಂದೇ ಇರಬೇಕು.

‘ಅಡ್ವರ್ಸ್’ ಜೊತೆ ‘ಅವರ್ಸ್’ ಕಲಸಿಹೋಗುವುದು ಇನ್ನೊಂದು ತಾಪತ್ರಯ. ಎರಡರ ಬೇರೂ ಲ್ಯಾಟಿನ್ನಿನ ‘ತಿರುಗು’ ಎಂಬ ಧಾತು. ಒಂದು ಎದುರಾಗಿ ತಿರುಗಿದ್ದು, ಇನ್ನೊಂದು ಮುಖ ತಿರುಗಿಸಿಕೊಂಡದ್ದು. ಹವಾಮಾನ ಅಡ್ವರ್ಸ್ ಆಗಬಹುದು. ಅವರ್ಸ್ ಆಗುವುದು ಸಾಮಾನ್ಯವಾಗಿ ಮನುಷ್ಯ, ಹಾಗಲಕಾಯಿ ಪಲ್ಯ ಕಂಡ ನನ್ನ ಮಗನ ಹಾಗೆ. ನಮ್ಮ ‘ಪ್ರತಿಕೂಲ’ದಲ್ಲೂ ಇಂಥದೇ ಚಿತ್ರ ಇದೆ. ಸಂಸ್ಕೃತದಲ್ಲಿ ಕೂಲ ಅಂದರೆ ನದಿಯ ದಂಡೆ, ಅದಕ್ಕೆ ಎದುರಾದದ್ದು ಪ್ರತಿಕೂಲ.

‘ಬ್ಯಾಡ್ ಅಡ್ವರ್ಸ್ ಎಫೆಕ್ಟ್’ ಬರೆಯುವವರಿಗೆ ನಾನು ಹೇಳುವುದಿಷ್ಟೇ: ‘ಕೆಟ್ಟ ದುಷ್ಪರಿಣಾಮ’ ಅಂತೀರೇನು? ‘ಸೈಡ್ ಎಫೆಕ್ಟ್’ ಬೇರೆ, ಔಷಧಿಯ ಅಡ್ಡ ಪರಿಣಾಮ ಒಮ್ಮೊಮ್ಮೆ ಒಳ್ಳೆಯದೂ ಆದೀತು. ಅಡ್ವರ್ಸ್ ಎಫೆಕ್ಟ್ ಎಂದೂ ಒಳ್ಳೆಯದಾಗಲಾರದು. ಹಾಗೆಂದು ಸಣ್ಣದಕ್ಕೆಲ್ಲ ಅದನ್ನು ಎಳೆದು ತರಬಾರದು. ಸೊಳ್ಳೆಗಳು ನಿದ್ದೆಯ ಮೇಲೆ ಅಡ್ವರ್ಸ್ ಎಫೆಕ್ಟ್ ಮಾಡಿವೆ ಎಂದು ಒಬ್ಬ ರಜಾ ಅರ್ಜಿ ಕೊಟ್ಟಿದ್ದ. ರಜೆ ಕೊಟ್ಟೆ, ಮಾರ್ಕ್ಸ್ ಕೊಡಲಿಲ್ಲ.

ಕಾಕಾನ ಪತ್ರವನ್ನು ಅದೇ ದಿನ ಕಟ್ಟೆಯ ಮೇಲೆ ಕೂತು ತಿದ್ದಿದೆ. ‘ಆನ್’ ಹೊಡೆದುಹಾಕಿದೆ. ಆ ಹಿರಿಯರು ಮತ್ತೆ ಓದಿ, “ಹೌದಪಾ, ಎಷ್ಟು ಎಕರೆ?” ಅಂದರು. ಅದನ್ನೇ ಬರೆದಿರಲಿಲ್ಲ. ನಾಲ್ಕರಲ್ಲಿ ಮೂರು ಎಕರೆ ಎಂದು ಕೆಳಗೆ ಸೇರಿಸಿ, ಕಾಕಾನ ಸಹಿ ಹಾಕಿಸಿದೆ.