ಬೆನಿನ್‌ನಲ್ಲಿ ಗೇರುಬೀಜ ಸುಲಿಯಲು ಕಲಿಸಿದ ಎರಡು ಸೀಸನ್

ಕುಮಟಾದ ಗೇರುಬೀಜ ಕಾರ್ಖಾನೆಯೊಂದರಲ್ಲಿ ನಾನು ಪೀಲಿಂಗ್ ಟೇಬಲ್ಲಿಗೆ, ಅಂದರೆ ತಿರುಳಿನ ಪೊರೆ ಬಿಡಿಸುವ ಕೆಲಸಕ್ಕೆ, ಕೂತಿದ್ದು 1997ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ. ಆಮೇಲೆ ಗ್ರೇಡಿಂಗ್, ಆಮೇಲೆ ಸೂಪರ್‌ವೈಸರ್. ಇಷ್ಟು ವರ್ಷದಲ್ಲಿ ಈ ಕೈಗೆ ಬಂದ ಬೀಜದಲ್ಲಿ ಜಾಸ್ತಿ ಪಾಲು ನಮ್ಮೂರಿನದ್ದಲ್ಲ. ಅಂಕೋಲಾ, ಹೊನ್ನಾವರದ ಬೇಣದ ಗೇರು ಮಳೆ ಹಿಡಿಯುವ ಹೊತ್ತಿಗೆ ಮುಗಿದಿರುತ್ತದೆ. ವರ್ಷವಿಡೀ ಬಾಯ್ಲರ್ ಉರಿಯಬೇಕು ಅಂದರೆ ಆಫ್ರಿಕಾದಿಂದ ಹಡಗಿನಲ್ಲಿ ಬರುವ ಬೀಜ ಬೇಕೇ ಬೇಕು.

2022ರ ಜನವರಿಯಲ್ಲಿ ಆ ಚೀಲಗಳು ತುಂಬುವ ಊರಿಗೇ ಹೋದೆ. ಪಶ್ಚಿಮ ಆಫ್ರಿಕಾದ ಬೆನಿನ್ ದೇಶ, ಪರಾಕು ಎಂಬ ಪಟ್ಟಣ. ಸಮುದ್ರದಿಂದ 400 ಕಿಲೋಮೀಟರ್‌ಗೂ ಜಾಸ್ತಿ ಒಳಗೆ. ಅಲ್ಲೊಂದು ಹೊಸ ಕಾರ್ಖಾನೆ. ದುಡ್ಡು ಯುರೋಪಿನದು, ಯಂತ್ರ ಏಷ್ಯಾದ್ದು, ಕೆಲಸ ಕಲಿಸಲು ಇಲ್ಲಿಂದ ನಾವು ಮೂವರು. ಹಸಿ ಬೀಜ ಹೊರಗೆ ಕಳಿಸುವುದನ್ನು 2024ರ ಏಪ್ರಿಲ್ 1ರಿಂದ ನಿಲ್ಲಿಸುವ ತೀರ್ಮಾನ ಮಾಡಿದ ದೇಶ ಅದು.

ಹೊರಡುವ ಮೊದಲು ನಮ್ಮ ಟೇಬಲ್ಲಿನ ಹೆಂಗಸರು ಕೇಳಿದ್ದು ಒಂದೇ ಮಾತು. "ಅಕ್ಕಾ, ಅವ್ರಿಗೆ ನೀವು ಕಲಿಸಿಬಿಟ್ರೆ ನಾಳೆ ನಮ್ಗೆ ಬೀಜ ಎಲ್ಲಿಂದ ಬರ್ತದೆ?" ಉತ್ತರ ನನ್ನ ಹತ್ತಿರ ಇರಲಿಲ್ಲ.

ನಾವು ಹೋದಾಗ ಅಲ್ಲಿ ಹರ್ಮಟ್ಟಾನ್ ಗಾಳಿ. ಸಹಾರಾದಿಂದ ಧೂಳು ಹೊತ್ತು ಬರುವ ಒಣ ಗಾಳಿ. ಎರಡೇ ದಿನಕ್ಕೆ ತುಟಿ ಒಡೆಯಿತು, ಮೂರನೇ ದಿನಕ್ಕೆ ಗೊತ್ತಾಯಿತು ಬೀಜವೂ ಅದಕ್ಕೇ ಒಡೆಯುತ್ತಿದೆ ಅಂತ. ಬೋರ್ಮಾದಿಂದ, ಅಂದರೆ ತಿರುಳು ಒಣಗಿಸುವ ಬಿಸಿ ಗೂಡಿನಿಂದ, ಬಂದ ತಿರುಳು ಬೆರಳು ತಾಗಿದರೆ ಸಾಕು, ಎರಡು ಹೋಳು. ಹತ್ತರಲ್ಲಿ ನಾಲ್ಕು ಹೀಗೇ ಹೋಗುತ್ತಿದ್ದವು. ಇಡಿ ಬೀಜಕ್ಕೆ ಇರುವ ರೇಟು ಹೋಳಿಗೆ, ತುಂಡಿಗೆ ಇಲ್ಲವಲ್ಲ. ಹುಡುಗಿಯರ ಕೈ ಒರಟು ಎಂದು ಮ್ಯಾನೇಜರ್ ಬೈಯುತ್ತಿದ್ದರು. ನಾನು ಒಬ್ಬಳ ಪಕ್ಕ ಕೂತು ಸುಮ್ನೆ ನೋಡಿದೆ. ಕೈ ಮೆತ್ತಗೇ ಇತ್ತು. ತಪ್ಪು ಒಣಗಿಸುವುದರಲ್ಲಿತ್ತು. ಬೇರೆಲ್ಲೋ ಬರೆದ ಪುಸ್ತಕದಲ್ಲಿ ಇಷ್ಟು ಗಂಟೆ ಬೋರ್ಮಾದಲ್ಲಿ ಇಡಿ ಅಂತ ಇತ್ತು, ಇವರು ಅಷ್ಟೂ ಗಂಟೆ ಇಡುತ್ತಿದ್ದರು. ಆ ಪುಸ್ತಕ ಬರೆದವರ ಊರಿನ ಗಾಳಿಯಲ್ಲಿ ಪಸೆ ಇದ್ದಿರಬೇಕು, ನಮ್ಮ ಕುಮಟಾದ ಹಾಗೆ.

ಗಂಟೆ ಕಡಿಮೆ ಮಾಡಿದೆವು. ಆಮೇಲೆ ಒಂದು ಕೋಣೆಗೆ ಸುತ್ತಲೂ ಗೋಣಿಚೀಲ ಕಟ್ಟಿ ನೀರು ಚಿಮುಕಿಸಿ, ನೆಲವನ್ನೂ ಒದ್ದೆ ಮಾಡಿ, ಟ್ರೇಗಳನ್ನು ರಾತ್ರಿಯಿಡೀ ಅಲ್ಲಿಟ್ಟೆವು. ತಿರುಳಿಗೆ ನೀರು ತಾಗಬಾರದು, ಗಾಳಿಯ ತಂಪು ಮಾತ್ರ ತಾಗಬೇಕು. ಬೆಳಿಗ್ಗೆ ಪೊರೆ ಉಜ್ಜಿದರೆ ಬಿಡುತ್ತಿತ್ತು, ಬೀಜ ಇಡಿಯಾಗಿ ಉಳಿಯುತ್ತಿತ್ತು. ಅವತ್ತು ಆ ಹುಡುಗಿಯರು ನಕ್ಕ ನಗು ನನಗೆ ಇನ್ನೂ ನೆನಪಿದೆ. ಫ್ರೆಂಚ್ ನನಗೆ ಬಾರದು, ಕನ್ನಡ ಅವರಿಗೆ ಬಾರದು. ಎರಡು ಬೆರಳ ನಡುವೆ ಬೀಜ ಹಿಡಿದು ತೋರಿಸಿದರೆ ಮಾತು ಬೇಕಾಗಲಿಲ್ಲ.

ಅವರಿಂದ ನಾನೂ ಕಲಿತೆ. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಅಲ್ವಾ? ನಾವು ಕೈಗೆ ಎಣ್ಣೆ, ಬೂದಿ ಹಚ್ಚಿಕೊಳ್ಳುತ್ತೇವೆ. ಅವರು ಶಿಯಾ ಮರದ ಬೀಜದಿಂದ ತೆಗೆದ ಬೆಣ್ಣೆ ಹಚ್ಚುತ್ತಾರೆ. ಅದು ಜಾಸ್ತಿ ಹೊತ್ತು ನಿಲ್ಲುತ್ತದೆ. ಬರುವಾಗ ಒಂದು ಡಬ್ಬಿ ತಂದೆ.

ಕಾರ್ಖಾನೆಯ ಮೂಲೆಯಲ್ಲಿ ದೊಡ್ಡ ಕಟಿಂಗ್ ಯಂತ್ರವೊಂದು ಪ್ಲಾಸ್ಟಿಕ್ ಹೊದ್ದು ನಿಂತಿತ್ತು. ಒಂದು ಚಿಕ್ಕ ಭಾಗ ಮುರಿದಿತ್ತು. ಮಾರಿದವರಿಗೆ ಎಷ್ಟು ಸಲ ಬರೆದರೂ ಬಿಡಿಭಾಗ ಬಂದಿರಲಿಲ್ಲ, ಐದು ತಿಂಗಳಾಗಿತ್ತು. ಉದ್ಘಾಟನೆಯ ಫೋಟೋದಲ್ಲಿ ಎಲ್ಲರೂ ಅದರ ಎದುರೇ ನಿಂತಿದ್ದಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಯಂತ್ರ ಕೊಡುವವರು ಅದನ್ನು ರಿಪೇರಿ ಮಾಡುವವನನ್ನೂ ತಯಾರು ಮಾಡದಿದ್ದರೆ ಕೊಟ್ಟಿದ್ದು ಏನು?

ಕೆಲಸ ನಡೆದಿದ್ದು ಕಾಲಲ್ಲಿ ತುಳಿಯುವ ಯಂತ್ರಗಳಿಂದ. ನಮ್ಮಲ್ಲಿರುವಂಥವೇ. ಆದರೆ ಅದರ ಎರಡು ಬ್ಲೇಡು ಬೀಜದ ಬಾಗಿಗೆ ಸರಿಯಾಗಿ ಕೂರಬೇಕು. ಮೊಂಡಾದರೆ ಸಿಪ್ಪೆಯ ಜೊತೆ ತಿರುಳೂ ಸೀಳುತ್ತದೆ. ಕುಮಟಾದಲ್ಲಾದರೆ ಸಂಜೆ ವರ್ಕ್‌ಶಾಪಿಗೆ ಕೊಟ್ಟು ಬೆಳಿಗ್ಗೆ ತರುತ್ತೇವೆ. ಅಲ್ಲಿ ಬ್ಲೇಡಿಗೂ ಇಂಡಿಯಾದ ದಾರಿ ಕಾಯಬೇಕಿತ್ತು. ನಮ್ಮ ಜೊತೆ ಬಂದಿದ್ದ ಫಿಟ್ಟರ್ ಮಾರ್ಕೆಟ್ ಹತ್ತಿರ ಬೈಕ್ ರಿಪೇರಿ ಮಾಡುವ ಒಬ್ಬನನ್ನು ಹಿಡಿದರು. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಬಗ್ಗಿಸಿ, ಸಾಣೆ ಹಿಡಿದು ನೋಡಿದರು. ಮೊದಲ ಮೂರು ಜೊತೆ ಹಾಳಾದವು. ನಾಲ್ಕನೆಯದು ನಿಂತಿತು. ಎರಡನೇ ಸೀಸನ್ನಿಗೆ ನಾವು ಹೋಗುವಷ್ಟರಲ್ಲಿ ಅವನ ಅಂಗಡಿಯಲ್ಲಿ ಇಬ್ಬರು ಹುಡುಗರು ಕೆಲಸಕ್ಕಿದ್ದರು. ಆ ಇಡೀ ಯೋಜನೆಯಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಆ ಅಂಗಡಿ.

ಬೆಳೆಗಾರರ ಸಂಘಕ್ಕೆ ಔಟ್‌ಟರ್ನ್, ಅಂದರೆ ಬೀಜದಲ್ಲಿ ಎಷ್ಟು ಒಳ್ಳೆಯ ತಿರುಳಿದೆ ಎಂದು, ನೋಡಲು ಕಲಿಸಿದ್ದೂ ಮುಖ್ಯ. ಒಂದು ಕಿಲೋ ಬೀಜ ಒಡೆದು ಒಳ್ಳೆಯ ತಿರುಳು ತೂಗಬೇಕು. 270 ಗ್ರಾಂ ಸಿಕ್ಕರೆ 80 ಕಿಲೋ ಚೀಲಕ್ಕೆ ಹೆಚ್ಚುಕಡಿಮೆ 48 ಪೌಂಡ್ ತಿರುಳು. ವ್ಯಾಪಾರಿಗೆ ಈ ಲೆಕ್ಕ ಬಾಯಿಪಾಠ. ಬೆಳೆದವನಿಗೆ ಗೊತ್ತಿಲ್ಲದಿದ್ದರೆ ವ್ಯಾಪಾರಿ ಹೇಳಿದ್ದೇ ರೇಟು. ಜರ್ಮನಿ ಸರ್ಕಾರದ ನೆರವಿನ ಸಂಸ್ಥೆ ಜಿಐಜೆಡ್ (ಆಗ ಅದರ ಹೆಸರು ಜಿಟಿಜೆಡ್) 2009ರಲ್ಲಿ ಶುರು ಮಾಡಿದ ಗೇರು ಯೋಜನೆ ನಡೆದ ದೇಶಗಳಲ್ಲಿ ಬೆನಿನ್ ಕೂಡ ಒಂದು. ಹಾಗಾಗಿ ಸಂಘ, ತಕ್ಕಡಿ ಎಲ್ಲ ಹೊಸದೇನಲ್ಲ. ನಾವು ಮಾಡಿದ್ದು ಚೀಲದ ಬಾಯಿಯಿಂದ ಮಾತ್ರ ಸ್ಯಾಂಪಲ್ ತೆಗೆಯಬೇಡಿ, ತಳದಿಂದಲೂ ತೆಗೆಯಿರಿ ಎಂಬಂಥ ಸಣ್ಣ ಪಾಠ.

ದುಡ್ಡಿನ ಕಷ್ಟ ಮಾತ್ರ ಬೇರೆಯೇ. ಬೀಜ ಬರುವುದು ಫೆಬ್ರವರಿಯಿಂದ ಮೂರ್ನಾಲ್ಕು ತಿಂಗಳು. ವರ್ಷದ ಬೀಜ ಆಗಲೇ ಕೊಂಡು ಗೋದಾಮು ತುಂಬಬೇಕು. ಹೊರದೇಶದ ವ್ಯಾಪಾರಿ ಕೈಯಲ್ಲಿ ನೋಟು ಹಿಡಿದೇ ಬಂದಿರುತ್ತಾನೆ, ಊರಿನ ಕಾರ್ಖಾನೆಗೆ ಬ್ಯಾಂಕು ಸುಲಭಕ್ಕೆ ಸಾಲ ಕೊಡುವುದಿಲ್ಲ. ಆ ವರ್ಷ ಯುರೋಪಿನ ಒಬ್ಬ ಖರೀದಿದಾರ ತಿರುಳಿಗೆ ಮುಂಚೆಯೇ ಒಪ್ಪಂದ ಬರೆದುಕೊಟ್ಟ. ಆ ಕಾಗದ ತೋರಿಸಿ ಸಾಲ ತಂದರು. ನನ್ನ ಕೇಳಿದರೆ ಆ ಕಾಗದ ಮೂಲೆಯಲ್ಲಿದ್ದ ಯಂತ್ರಕ್ಕಿಂತ ದೊಡ್ಡ ಸಹಾಯ.

ಊರಿನ ಹೆಂಗಸರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮೊಜಾಂಬಿಕಿನ ಮೆಕ್ಯಾನಿಕ್‌ನಿಂದ. 1990ರ ದಶಕದಲ್ಲಿ ಅವನ ದೇಶ ಹಸಿ ಬೀಜದ ರಫ್ತು ಸುಂಕ ಇಳಿಸಬೇಕಾಯಿತು. ಸಾಲದ ಷರತ್ತಿನಲ್ಲಿ ವಿಶ್ವಬ್ಯಾಂಕ್ ಅದನ್ನು ಹೇಳಿತ್ತು. ಬೀಜ ಹೊರಗೆ ಹೋಯಿತು, ಅಲ್ಲಿನ ಕಾರ್ಖಾನೆಗಳು ಮುಚ್ಚಿದವು, ಸಾವಿರಾರು ಜನರ ಕೆಲಸ ಹೋಯಿತು. ಅವನ ಅಮ್ಮನೂ ಅವರಲ್ಲಿ ಒಬ್ಬಳು. "ಆ ಬೀಜ ನಿಮ್ಮ ದೇಶಕ್ಕೇ ಬಂತು ಅಮ್ಮಾ" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಪೀಲಿಂಗ್ ಟೇಬಲ್ಲಿಗೆ ಕೂತ ಕಾಲ ಅದೇ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಊರಿಗೆ ಬಂದು ಟೇಬಲ್ಲಿನವರಿಗೆ ಇದನ್ನೇ ಹೇಳಿದೆ. ನಮ್ಮ ಗುಡ್ಡದ ಹಳೇ ಗೇರುಮರ ತೆಗೆದು ಒಳ್ಳೆಯ ಕಸಿ ಗಿಡ ಹಾಕುವುದು ನಾವು ಮಾಡಬೇಕಾದ ಕೆಲಸ. ಅವರು ಕಲಿಯಬಾರದು ಅನ್ನುವುದು ನನ್ನಿಂದ ಆಗದು ಅಂದೆ. ಕೆಲವರು ಒಪ್ಪಿದರು, ಕೆಲವರು ಇಲ್ಲ.

ನಾನು ಪಕ್ಕ ಕೂತು ನೋಡಿದ್ದ ಆ ಹುಡುಗಿ ಈಗ ಅಲ್ಲಿ ಪೀಲಿಂಗ್ ಸೂಪರ್‌ವೈಸರ್. ಕಳೆದ ಮಳೆಗಾಲದಲ್ಲಿ ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಕಳಿಸಿದ್ದಳು. ಅಲ್ಲಿಯೂ ಮಳೆ, ಪೊರೆ ತಿರುಳಿಗೆ ಅಂಟಿಕೊಂಡು ಬಿಡುತ್ತಿಲ್ಲ. ಕುಮಟಾದಲ್ಲೂ ಅವತ್ತು ಜೋರು ಮಳೆ, ನಮ್ಮ ಟ್ರೇಗಳೂ ಹಾಗೇ ಇದ್ದವು. ಟ್ರೇಯನ್ನು ಮತ್ತೆ ಸ್ವಲ್ಪ ಹೊತ್ತು ಬೋರ್ಮಾಕ್ಕೆ ಹಾಕಿ, ಬಿಸಿ ಆರುವ ಮೊದಲೇ ಉಜ್ಜುವುದನ್ನು ಇಲ್ಲಿಂದಲೇ ವಿಡಿಯೋ ಮಾಡಿ ಕಳಿಸಿದೆ.